ವೇತನದ ಆಟಗಾರರು: ಧಾರವಾಡದಲ್ಲಿ ಜನಿಸಿದ ಬಾಳೂ, ಆತನ ಸೋದರರು ಮತ್ತು ಹಿಂದೂ ಜಿಮಖಾನೆ

ಕ್ರೀಡಾಸಂಸ್ಥೆಗಳ ಚರಿತ್ರೆಯನ್ನು ಬರೆಯುವಾಗ ಅಧ್ಯಕ್ಷರ, ಪೋಷಕರ, ನಿವೇಶನವನ್ನು ದಾನವಿತ್ತ ಮಹನೀಯರ ನಾಮಾವಳಿಯಿಂದ ಆರಂಭಿಸುವುದು ನಮ್ಮಲ್ಲಿ ವಾಡಿಕೆ. ಅವರ ಔದಾರ್ಯವಿಲ್ಲದೆ ಯಾವ ಸಂಸ್ಥೆಯೂ ನಿಲ್ಲಲಾರದಾದುದರಿಂದ ಆ ವಾಡಿಕೆಯಲ್ಲಿ ದೋಷವನ್ನೆಣಿಸಬೇಕಾದುದಿಲ್ಲ. ಆದರೆ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು, ನೆಲವನ್ನು ಗುಡಿಸಿ, ಉರುಳುಗಲ್ಲನ್ನೆಳೆದು, ಅಭ್ಯಾಸದ ಬಲೆಯನ್ನು ಕಟ್ಟಿ, ಅನಂತರ ತಿಂಗಳ ಸಂಬಳದ ಋಣವನ್ನು ತೀರಿಸುವುದಕ್ಕೋಸ್ಕರ ಇತರರು ದಣಿಯುವವರೆಗೆ ಅವರಿಗೆ ಚೆಂಡೆಸೆದವನ ಹೆಸರು ಆ ನಾಮಾವಳಿಯಲ್ಲಿ ಎಲ್ಲಿಯೂ ಕಾಣಿಸದೆ ಹೋದಾಗ, ಚರಿತ್ರೆಯ ಅರ್ಧಭಾಗವು ಬರೆಯಲ್ಪಡದೆ ಉಳಿಯಿತೆಂದೇ ಹೇಳಬೇಕಾಗುತ್ತದೆ. ಪೊಳಲಿಯ ಹೆಸರಿನಲ್ಲಿ ಹೊರಡುತ್ತಿರುವ ಈ ಸಂಚಿಕೆಯಲ್ಲಿ ನನ್ನ ಪಾಲಿಗೆ ಬಂದ ಕೆಲವು ಪುಟಗಳನ್ನು ಅಂತಹ ಒಬ್ಬ ಆಟಗಾರನಿಗೂ ಆತನ ಸೋದರರಿಗೂ ಮೀಸಲಿಡುತ್ತಿದ್ದೇನೆ.

ಇಂಗ್ಲೆಂಡಿನ ಕೌಂಟಿ ಕ್ರಿಕೆಟಿನಲ್ಲಿ ವೇತನದ ಆಟಗಾರನೆಂಬುವನಿಗೆ ಪ್ರತ್ಯೇಕವಾದ ಒಂದು ಸ್ಥಾನವಿತ್ತು. ಹಣಕ್ಕಾಗಿ ಆಡದವನು ‘ಜಂಟಲ್‌ಮನ್’, ಹಣಕ್ಕಾಗಿ ಆಡುವವನು ‘ಪ್ಲೇಯರ್’. ಇಬ್ಬರೂ ಒಂದೇ ತಂಡದವರಾಗಿದ್ದರೂ ಉಡುಪು ಬದಲಿಸುವ ಕೋಣೆ ಬೇರೆ, ಎಷ್ಟೋ ಕಡೆಗಳಲ್ಲಿ ಮೈದಾನಕ್ಕಿಳಿಯುವ ಬಾಗಿಲು ಬೇರೆ, ಆಟದ ಪಟ್ಟಿಯಲ್ಲಿ ಹೆಸರನ್ನು ಮುದ್ರಿಸುವ ಕ್ರಮವೂ ಬೇರೆ. ನಾಯಕತ್ವವು ಜಂಟಲ್‌ಮನ್ನನಿಗೇ ಸಲ್ಲಬೇಕೆಂಬುದು ಬರೆಯದೆಯೇ ನಡೆದುಬಂದ ನಿಯಮ. ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ಸರ್ರೆಯ ಜ್ಯಾಕ್ ಹಾಬ್ಸ್, ಗಣಿಯಲ್ಲಿ ದುಡಿದು ನಾಟಿಂಗ್‌ಹ್ಯಾಮ್‌ಷೈರ್ ತಂಡಕ್ಕೆ ಬಂದ ಹೆರಾಲ್ಡ್ ಲಾರ್‌ವುಡ್ ಮೊದಲಾದ ವೇತನದ ಆಟಗಾರರೇ ಆ ದೇಶದ ಕೀರ್ತಿಯನ್ನು ಹೊತ್ತುಕೊಂಡಿದ್ದರೂ, 1926ರಲ್ಲಿ ಮ್ಯಾಂಚೆಸ್ಟರಿನ ಟೆಸ್ಟ್ ಪಂದ್ಯದ ನಡುವೆ ನಾಯಕ ಕಾರ್ ಅಸ್ವಸ್ಥರಾದಾಗ ಮಾತ್ರವೇ ಹಾಬ್ಸರಿಗೆ ತಂಡವನ್ನು ನಡೆಸುವ ಅವಕಾಶ ಒದಗಿತು. ವೇತನದ ಆಟಗಾರನೊಬ್ಬನನ್ನು ಇಂಗ್ಲೆಂಡು ತನ್ನ ನಿಯತ ನಾಯಕನನ್ನಾಗಿ ಆರಿಸಿದ್ದು 1952ರಲ್ಲಿ. ಆತ ಯಾರ್ಕ್‌ಷೈರಿನ ಲೆನ್ ಹಟನ್, ಎದುರಾಳಿ ಭಾರತ. ಆ ಭೇದವನ್ನೇ ತೊಡೆದುಹಾಕಲು ಇನ್ನೂ ಹತ್ತು ವರ್ಷಗಳು ಬೇಕಾದುವು. ಈ ತಾರೀಖುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಏಕೆಂದರೆ ಇದಕ್ಕಿಂತ ಎಷ್ಟೋ ಪಾಲು ಕಠಿನವಾದ ಭೇದವೊಂದನ್ನು ನಮ್ಮ ದೇಶದ ವೇತನದ ಆಟಗಾರನ ಕುಟುಂಬವು 1923ರಲ್ಲಿಯೇ ದಾಟಿತು.

ಪಾಲವಣಕರ ಬಾಳೂ ಧಾರವಾಡದಲ್ಲಿ ಹುಟ್ಟಿದುದು ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ. ಮನೆತನದ ಹೆಸರು ಕೊಂಕಣದ ಪಾಲವಣ ಗ್ರಾಮದಿಂದ ಬಂದುದು. ಜಾತಿಯಿಂದ ಚರ್ಮಕಾರರು, ಎಂದರೆ ಆ ಕಾಲದ ಹಿಂದೂ ಸಮಾಜವು ಅಸ್ಪೃಶ್ಯರೆಂದು ದೂರವಿರಿಸಿದವರು. ತಂದೆಯ ಜೀವನೋಪಾಯವು ಸೈನ್ಯದ ಆಶ್ರಯದಲ್ಲಿದ್ದುದರಿಂದ ಸಂಸಾರವು ಪುಣೆಗೆ ಹೋಯಿತು. ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ತಮ್ಮ ಶಿವರಾಮ ಆಟವನ್ನು ಕಲಿತರು. ಬಾಳೂವಿನ ಮೊದಲನೆಯ ಉದ್ಯೋಗ ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ, ಮೈದಾನವನ್ನು ಗುಡಿಸಿ ಪಿಚ್ಚನ್ನು ಹದಗೊಳಿಸುವುದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಯಾಯಿತು. ಅಲ್ಲಿ ಟ್ರಾಸ್ ಎಂಬ ದೊರೆಯೊಬ್ಬನು ಈ ಹುಡುಗನ ಕೈಗೆ ಚೆಂಡನ್ನು ಕೊಟ್ಟು ತನಗೆ ಬೌಲ್ ಮಾಡೆಂದನಂತೆ. ಎಡಗೈಯಿಂದ ನಿಧಾನವಾಗಿ ಹೊರಟು, ನೆಲವನ್ನು ಮುಟ್ಟಿದೊಡನೆ ಬ್ಯಾಟುಗಾರನ ಊಹೆಯನ್ನು ತಪ್ಪಿಸಿ ತಿರುಗುವ ಆ ಎಸೆತದ ಖ್ಯಾತಿ ಬಹುಬೇಗನೆ ದಂಡಿನವರಲ್ಲೆಲ್ಲ ಹರಡಿತು.

ಹ್ಯಾಂಪ್‌ಷೈರ್ ಕೌಂಟಿಯ ಪರವಾಗಿಯೂ ಆಡಿದ ಕ್ಯಾಪ್ಟನ್ ಗ್ರೇಗ್ ಆಗ ಪುಣೆಯ ಯುರೋಪಿಯನ್ನರಲ್ಲಿ ಅತ್ಯಂತ ಸಮರ್ಥನಾದ ಬ್ಯಾಟುಗಾರ. ಆತನು ನಿತ್ಯವೂ ಇತರರಿಗಿಂತ ಒಂದು ಗಂಟೆ ಮುಂಚಿತವಾಗಿ ಬಂದು ಬಾಳೂವಿನ ಎದುರು ಅಭ್ಯಾಸ ಮಾಡುತ್ತಿದ್ದನೆಂದೂ, ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆಯನ್ನು ಕೊಡುತ್ತಿದ್ದನೆಂದೂ ಒಂದು ಕಥೆ ನಡೆದುಬಂದಿದೆ. ಕಥೆಯ ಎಂಟಾಣೆ ನಿಜವಿರಲಿ ಇಲ್ಲದಿರಲಿ, ಆ ಬಲೆಯೊಳಗೆ ನೂರಾರು ತಾಸು ಚೆಂಡೆಸೆದ ಬಾಳೂವಿಗೆ ಒಂದು ದಿನವಾದರೂ ಬ್ಯಾಟು ಹಿಡಿಯುವ ಅವಕಾಶವನ್ನು ಯಾರೂ ಕೊಡಲಿಲ್ಲವೆಂಬುದನ್ನು ಮಾತ್ರ ಮರೆಯುವಂತಿಲ್ಲ. ಬ್ಯಾಟು ಹಿಡಿಯುವುದು ದೊರೆಯ ಕೆಲಸ, ಚೆಂಡೆಸೆಯುವುದು ಆಳಿನ ಕೆಲಸವೆಂಬ ಭಾವನೆ ಇಂಗ್ಲೆಂಡಿನ ಹಳ್ಳಿಗಳಿಂದಲೇ ಹಡಗನ್ನೇರಿ ಬಂದಿತ್ತು.

ಪುಣೆಯ ಹಿಂದೂಗಳು ತಮ್ಮದೇ ಒಂದು ತಂಡವನ್ನು ಕಟ್ಟಿ ಯುರೋಪಿಯನ್ನರನ್ನು ಎದುರಿಸಲು ಹವಣಿಸಿದಾಗ, ಊರಿನ ಅತ್ಯುತ್ತಮ ಬೌಲರು ತಮ್ಮ ಮತದವನೇ ಆಗಿದ್ದರೂ ತಾವು ಮುಟ್ಟಬಾರದ ಜಾತಿಯವನೆಂಬ ಸಂಕಟವು ಅವರ ಮುಂದೆ ನಿಂತಿತು. ತಂಡದೊಳಗಿನ ತೆಲುಗರು ಅವನನ್ನು ಸೇರಿಸಿಕೊಳ್ಳಬೇಕೆಂದರು. ಮರಾಠಿ ಬ್ರಾಹ್ಮಣರಲ್ಲಿ ಹಲವರು ಹಿಂಜರಿದರು. ಇಂತಹ ಆಟಗಾರನನ್ನು ಬಿಟ್ಟುಕೊಟ್ಟರೆ ಹಿಂದೂಗಳು ಮೂರ್ಖರಾಗುವರೆಂದು ಗ್ರೇಗ್ ತಾನೇ ಪತ್ರಿಕೆಯವರಿಗೆ ಹೇಳಿದ ಮೇಲೆ ಬಾಳೂವಿಗೆ ಕರೆ ಬಂದಿತು. ಆದರೆ ಯಾವ ಷರತ್ತುಗಳ ಮೇಲೆ ಎಂಬುದನ್ನು ಇಲ್ಲಿ ಬಿಡಿಸಿಯೇ ಬರೆಯುವುದು ಅವಶ್ಯ. ಮೈದಾನದಲ್ಲಿ ಎಲ್ಲರೂ ಅವನು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಉಳಿದವರು ಪೆವಿಲಿಯನ್ನಿನೊಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಕುಡಿದರೆ ಅವನಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕಾದರೆ ಅವನದೇ ವರ್ಗದ ಸೇವಕನು ಮೈದಾನದ ಒಂದು ಮೂಲೆಯಲ್ಲಿ ನೀರು ಹೊಯ್ಯಬೇಕು. ಈ ವಿವರಗಳನ್ನು ಓದುವಾಗ ನನ್ನ ಮನಸ್ಸಿಗಾಗುವ ವ್ಯಥೆಯನ್ನು ಅಡಗಿಸಿಕೊಳ್ಳಲಾರೆ. ಒಬ್ಬ ಮನುಷ್ಯನ ಕೈಚಳಕವನ್ನು ಸ್ವೀಕರಿಸಿ ಆ ಕೈಯನ್ನು ಮಾತ್ರ ನಿರಾಕರಿಸುವುದು ನಿರಕ್ಷರರ ಕೆಲಸವಾಗಿರಲಿಲ್ಲ; ವಿದ್ಯಾವಂತರು, ದೇಶಾಭಿಮಾನಿಗಳು, ಬ್ರಿಟಿಷರ ವರ್ಣದ್ವೇಷದಿಂದ ತಾವೇ ನೊಂದವರು ಅದನ್ನು ಮಾಡಿದರು. ಸಾತಾರೆಯಲ್ಲಿ ಬಿಳಿಯರ ಜಿಮಖಾನೆಯನ್ನು ಬಾಳೂವಿನ ಬೌಲಿಂಗಿನ ಬಲದಿಂದ ಸೋಲಿಸಿ ತಂಡವು ಹಿಂದಿರುಗಿದ ಮೇಲೆ, ಸಭೆಯೊಂದರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಆತನನ್ನು ಪ್ರಶಂಸಿಸಿದರೆಂಬುದು ಆ ಕಾಲದ ಅಂತಃಕರಣವು ಸಂಪೂರ್ಣವಾಗಿ ನಿದ್ರಿಸುತ್ತಿರಲಿಲ್ಲವೆಂಬುದಕ್ಕೆ ಸಾಕ್ಷಿ.

1896ರಲ್ಲಿ ಪ್ಲೇಗಿನ ಹಾವಳಿ ಆರಂಭವಾಯಿತು. ಕೆಲಕಾಲದಲ್ಲಿ ಬಾಳೂ ಮುಂಬಯಿಯನ್ನು ಸೇರಿದರು. ಅಲ್ಲಿ ರೈಲ್ವೆ ಕಂಪನಿಯ ಉದ್ಯೋಗವು ಅನ್ನಕ್ಕೂ, 1894ರಲ್ಲಿ ಸ್ಥಾಪಿತವಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನೆಯು ಕೀರ್ತಿಗೂ ಆಧಾರವಾದುವು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಎರಡು ಸರದಿಗಳಿಂದ 8 ವಿಕೆಟುಗಳು ಬಾಳೂವಿನವು. ಶಿವರಾಮನೂ ಆ ತಂಡದಲ್ಲಿದ್ದನು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಉತ್ಸಾಹವು ಒಂದೆಡೆ, ಆ ಗೆಲವನ್ನು ಅಸ್ಪೃಶ್ಯ ಸೋದರರು ತಂದುಕೊಟ್ಟರೆಂಬ ಅರಿವು ಇನ್ನೊಂದೆಡೆ, ಎರಡೂ ಸೇರಿ ಮುಂಬಯಿಯ ಸಮಾಜ ಸುಧಾರಕರ ಪತ್ರಿಕೆಗಳಲ್ಲಿ ಗಂಭೀರವಾದ ವಿಚಾರಕ್ಕೆ ಎಡೆಗೊಟ್ಟುವು. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಆ ನಗರದಲ್ಲಿಯೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿಯೇ ಶಾಲೆಯನ್ನು ತೆರೆದು 1897ರಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿಕೊಂಡು ನಡೆಸುತ್ತಿದ್ದರೆಂಬುದನ್ನು ನಮ್ಮ ಜಿಲ್ಲೆಯ ವಾಚಕರಿಗೆ ಜ್ಞಾಪಿಸಬೇಕಾಗಿಲ್ಲ. ಬಾಳೂ ಪುಣೆಯಲ್ಲಿ 4 ರೂಪಾಯಿಯ ಸಂಬಳಕ್ಕೆ ಸೇರಿದ ವರ್ಷವೂ ರಂಗರಾಯರು ಪಂಚಮರ ಮಕ್ಕಳಿಗೆ ಅಕ್ಷರವನ್ನು ಕಲಿಸತೊಡಗಿದ ವರ್ಷವೂ ಹೆಚ್ಚುಕಡಮೆ ಒಂದೇ ಆಗಿರುವುದನ್ನು ಕಂಡಾಗ ನನಗೆ ವಿಶೇಷವಾದ ಸಂತೋಷವಾಯಿತು.

1911ರಲ್ಲಿ ಪಟಿಯಾಲೆಯ ತರುಣ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಪ್ರಯಾಣ ಮಾಡಿತು. ಕರ್ನಾಟಕದ ನೆಲದಲ್ಲಿ ಜನಿಸಿದ ಇಬ್ಬರು ಅದರಲ್ಲಿದ್ದುದು ನಮಗೆ ಅಭಿಮಾನದ ಸಂಗತಿ. ಒಬ್ಬರು ಬೆಂಗಳೂರಿನ ಬಿ. ಜಯರಾಮ್, ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರ ಇಲಾಖೆಯವರು, ಮುಂಚೆಯೇ ಇಂಗ್ಲೆಂಡಿನಲ್ಲಿ ಡಬ್ಲ್ಯೂ. ಜಿ. ಗ್ರೇಸರ ಲಂಡನ್ ಕೌಂಟಿ ತಂಡದಲ್ಲಿ ಆಡಿದವರು, ಕೌಂಟಿಯ ಭಾಷೆಯಲ್ಲಿ ಹೇಳುವುದಾದರೆ ಜಂಟಲ್‌ಮನ್. ಇನ್ನೊಬ್ಬರು ಬಾಳೂ, ವೇತನದಿಂದ ಬೆಳೆದ ಆಟಗಾರ. ತಂಡವು ಪಂದ್ಯಗಳಲ್ಲಿ ಗೆದ್ದುದಕ್ಕಿಂತ ಸೋತುದೇ ಅಧಿಕ; ಮಹಾರಾಜರು ಔತಣಗಳಿಗೂ ರಾಜಸಭೆಗಳಿಗೂ ಹೋಗಬೇಕಾಗಿದ್ದುದರಿಂದ ನಾಯಕನೇ ಬಹುಪಾಲು ದಿನಗಳಲ್ಲಿ ಇಲ್ಲವಾದನು. ಅಂತಹ ತಂಡದಲ್ಲಿ, ಮೂವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ತೋಳಿನ ನೋವನ್ನು ಸಹಿಸಿಕೊಂಡು ಬಾಳೂ ಆ ಒಂದು ಬೇಸಗೆಯಲ್ಲಿ 114 ವಿಕೆಟುಗಳನ್ನು ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 103 ರನ್ನುಗಳಿಗೆ 8 ವಿಕೆಟು. ಲೀಸ್ಟರ್‌ಷೈರನ್ನು ಸೋಲಿಸಿದ ಪಂದ್ಯದಲ್ಲಿಯೂ ಬೌಲಿಂಗಿನ ಮುಖ್ಯ ಭಾರವು ಅವರದೇ. ಸಾಮರ್‌ಸೆಟ್ಟಿನ ಮೇಲಿನ ಜಯದಲ್ಲಿ, ಅದೇ ತಂಡದಲ್ಲಿದ್ದ ತಮ್ಮ ಶಿವರಾಮನು ಔಟಾಗದೆ ಶತಕ ಬಾರಿಸಿದನು. ಕೌಂಟಿಗಳಲ್ಲಿ ವರ್ಷವಿಡೀ ಚೆಂಡೆಸೆಯುವ ವೇತನದ ಬೌಲರುಗಳಿಗೆ ಸಮನಾದ ಈ ಸಾಧನೆಯನ್ನು ಅಪರಿಚಿತವಾದ ಹವೆಯಲ್ಲಿ, ಅಪರಿಚಿತವಾದ ನೆಲದ ಮೇಲೆ ತೋರಿದುದು ಸಾಮಾನ್ಯವಲ್ಲ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟು, ಒಂದೊಂದಕ್ಕೆ ಸುಮಾರು 15 ರನ್ನು ಮಾತ್ರ, ಎಂಬುದು ಅವರ ಜೀವಮಾನದ ಲೆಕ್ಕ. ಭಾರತವು ಟೆಸ್ಟ್ ಪಂದ್ಯವನ್ನಾಡಲು ಇನ್ನೂ 21 ವರ್ಷಗಳಿದ್ದುದರಿಂದ ಆ ಗೌರವವು ಅವರಿಗೆ ದೊರಕದೆ ಹೋಯಿತು.

ಮುಂಬಯಿಗೆ ಹಿಂದಿರುಗಿದಾಗ ದಲಿತ ವರ್ಗದವರು ಸಭೆ ಸೇರಿ ಅವರಿಗೆ ಮಾನಪತ್ರವನ್ನರ್ಪಿಸಿದರು. ಆ ಮಾನಪತ್ರವನ್ನು ರಚಿಸಿದವರು ಭೀಮರಾವ್ ಅಂಬೇಡ್ಕರ್ ಎಂಬ ತರುಣ ವಿದ್ಯಾರ್ಥಿಯೆಂದು ಚರಿತ್ರಕಾರರು ಹೇಳುತ್ತಾರೆ.

ಇನ್ನು ನಾಯಕತ್ವದ ಪ್ರಕರಣ. ಹಿಂದೂ ಜಿಮಖಾನೆಯ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಅಧ್ಯಾಯವಿಲ್ಲವೆಂದು ನಾನು ಎಣಿಸಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಪಾರ್ಸಿ, ಯುರೋಪಿಯನ್, ಹಿಂದೂ ತಂಡಗಳ ಸ್ಪರ್ಧೆಗೆ 1912ರಲ್ಲಿ ಮುಸ್ಲಿಮರೂ ಸೇರಿ ಅದು ಚತುಷ್ಕೋಣ ಪಂದ್ಯಾವಳಿಯಾಯಿತು. ಅನುಭವದಿಂದಲೂ ಸಾಮರ್ಥ್ಯದಿಂದಲೂ ಹಿಂದೂ ತಂಡದಲ್ಲಿ ಬಾಳೂವಿಗೆ ಸಮಾನರಿರಲಿಲ್ಲ. ಆದರೂ ವರ್ಷ ವರ್ಷವೂ ನಾಯಕತ್ವವು ಮೇಲ್ಜಾತಿಯವರಿಗೇ ಸಂದಿತು. ಆ ಸ್ಥಾನದಲ್ಲಿದ್ದ ಎಂ. ಡಿ. ಪೈಯವರು, ನಮ್ಮ ಕರಾವಳಿಗೆ ಚಿರಪರಿಚಿತವಾದ ಮನೆತನದ ಹೆಸರುಳ್ಳವರು, 1913ರಲ್ಲಿ ತಮ್ಮ ಸನ್ಮಾನಕ್ಕಾಗಿಯೇ ನೆರೆದ ಸಭೆಯಲ್ಲಿ ಎದ್ದು ನಿಂತು, ಈ ಗೌರವವು ತಮಗಿಂತ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ನುಡಿದರು. ಪದವಿಯಲ್ಲಿ ಕುಳಿತವನೇ ಅದು ಇನ್ನೊಬ್ಬನದೆಂದು ಬಹಿರಂಗವಾಗಿ ಹೇಳುವುದು ಅಂದಿಗೂ ವಿರಳ, ಇಂದಿಗೂ ವಿರಳ. ಆ ಮಾತು ನಿರ್ವಾಹಕರ ಕಿವಿಯನ್ನು ಮುಟ್ಟಿ ಕಾರ್ಯವಾಗಲು ಮಾತ್ರ ಹತ್ತು ವರ್ಷಗಳು ಹಿಡಿದುವು.

1920ರ ಪಂದ್ಯಾವಳಿಗೆ ಬಾಳೂವನ್ನು ತಂಡದಿಂದಲೇ ಬಿಡಲಾಯಿತು. ಪೈಯವರು ಆಡಲಾರದೆ ಹೋದಾಗ, ಬ್ಯಾಟುಗಾರನಾಗಿ ಪ್ರಸಿದ್ಧನಾಗಿದ್ದ ಬಾಳೂವಿನ ಇನ್ನೊಬ್ಬ ತಮ್ಮ ವಿಠ್ಠಲನು ನಾಯಕನಾಗುವನೆಂದು ಜನರು ನಿರೀಕ್ಷಿಸಿದ್ದರೂ, ಆ ಸ್ಥಾನವು ಪುಣೆಯ ಡಿ. ಬಿ. ದೇವಧರರಿಗೆ ದೊರಕಿತು. ಆಗ ವಿಠ್ಠಲನೂ ಶಿವರಾಮನೂ ತಂಡದಿಂದ ಹಿಂದೆ ಸರಿದು, ತಮ್ಮ ಕಾರಣವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದರು. ರೈಲ್ವೆಯ ಸಂಬಳದಿಂದ ಬದುಕುತ್ತಿದ್ದ ಎರಡು ಸಂಸಾರಗಳ ಯಜಮಾನರು, ಆಟದಿಂದಲೇ ಬಂದ ಮನ್ನಣೆಯನ್ನು ಪಣಕ್ಕಿಟ್ಟು, ಊರಿನ ಶ್ರೀಮಂತ ಸಂಸ್ಥೆಯೊಂದರ ನಿರ್ಣಯವನ್ನು ಜಾತಿಪಕ್ಷಪಾತವೆಂದು ಹೆಸರಿಟ್ಟು ಕರೆದುದನ್ನು ನೆನೆದರೆ, ಅವರ ಧೈರ್ಯಕ್ಕೆ ನಾವು ನಮಿಸಬೇಕು. ಅಸ್ಪೃಶ್ಯತಾ ನಿವಾರಣೆಯನ್ನು ಸ್ವರಾಜ್ಯದ ಅಂಗವೆಂದು ಗಾಂಧೀಜಿಯವರು ಸಾರುತ್ತಿದ್ದ ದಿನಗಳವು. ಲೋಕಾಭಿಪ್ರಾಯವು ಸೋದರರ ಕಡೆಗೆ ತಿರುಗಿತು. ಅಂತಿಮ ಪಂದ್ಯದ ಹೊತ್ತಿಗೆ ಪೈಯವರು ನಾಯಕರಾಗಿ ಮರಳಿದರು, ಸೋದರರು ಮರಳಿ ಸೇರಿದರು, ಬಾಳೂ ಉಪನಾಯಕರಾದರು. ಪಂದ್ಯದ ನಡುವೆ ಪೈಯವರು ಕೆಲಕಾಲ ಮೈದಾನವನ್ನು ಬಿಟ್ಟು ಹೋಗಿ ತಂಡವನ್ನು ಬಾಳೂವಿನ ಕೈಗೊಪ್ಪಿಸಿದರು.

1923ರಲ್ಲಿ ವಿಠ್ಠಲನು ಹಿಂದೂ ತಂಡದ ನಾಯಕನಾದನು. ಆ ವರ್ಷದ ಅಂತಿಮ ಪಂದ್ಯದಲ್ಲಿ ಯುರೋಪಿಯನ್ನರು ಸೋತರು. ಮೇಲ್ಜಾತಿಯೆನಿಸಿದ ಹಿಂದೂಗಳೇ ಆತನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. 1925ರಲ್ಲಿಯೂ 1926ರಲ್ಲಿಯೂ ಪಂದ್ಯಾವಳಿಯು ಹಿಂದೂಗಳದಾಯಿತು. ಹಾಬ್ಸ್ ಅವರು ಮ್ಯಾಂಚೆಸ್ಟರಿನಲ್ಲಿ ಕೇವಲ ತಾತ್ಕಾಲಿಕವಾಗಿ ತಂಡವನ್ನು ನಡೆಸಿದುದಕ್ಕೆ ಮೂರು ವರ್ಷ ಮುಂಚೆ, ಹಟನ್ ನಿಯತವಾಗಿ ನಡೆಸಿದುದಕ್ಕೆ 29 ವರ್ಷ ಮುಂಚೆ, ನಮ್ಮಲ್ಲಿ ಈ ಕಾರ್ಯವು ನಡೆಯಿತೆಂಬುದನ್ನು ಇಂಗ್ಲೆಂಡಿನ ಕ್ರಿಕೆಟ್ ಗ್ರಂಥಗಳನ್ನೇ ಓದಿ ಬೆಳೆದ ನಮ್ಮ ತರುಣರಿಗೆ ಯಾರಾದರೂ ಹೇಳಬೇಡವೇ? ಈ ತನಕದ ವೃತ್ತಾಂತವನ್ನು ಬರೆಯಲು ನನ್ನನ್ನು ಪ್ರೇರಿಸಿದುದೇ ಆ ವಿಚಾರ. ವಿಠ್ಠಲನು 1948ರಲ್ಲಿ ತನ್ನ ಕ್ರೀಡಾಜೀವನವನ್ನು ಮರಾಠಿಯಲ್ಲಿ ಬರೆದು ಪ್ರಕಟಿಸಿದನು.

ಬಾಳೂವಿನ ಮುಂದಿನ ಜೀವನದಲ್ಲಿ ರಾಜಕೀಯವು ಬಂದಿತು. 1932ರ ಪುಣೆಯ ಒಪ್ಪಂದಕ್ಕೆ ಸಹಿ ಮಾಡಿದವರಲ್ಲಿ ಅವರೊಬ್ಬರು. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅವರ ಅಭಿಪ್ರಾಯವು ಅಂಬೇಡ್ಕರರದಕ್ಕಿಂತ ಭಿನ್ನವಾಗಿತ್ತು. 1937ರಲ್ಲಿ ಕಾಂಗ್ರೆಸ್ಸಿನ ಪರವಾಗಿ ಮುಂಬಯಿಯಲ್ಲಿ ಅಂಬೇಡ್ಕರರ ವಿರುದ್ಧವೇ ನಿಂತು, 13,245ಕ್ಕೆ 11,225 ಮತಗಳಿಂದ ಸೋತರು. ಒಂದು ಕಾಲದಲ್ಲಿ ಮಾನಪತ್ರವನ್ನು ಬರೆದವರೂ ಪಡೆದವರೂ ಹೀಗೆ ಎದುರಾದುದು ಖೇದಕರ. ಆದರೂ ಇಬ್ಬರ ಉದ್ದೇಶದ ಶುದ್ಧತೆಯಲ್ಲಿ ಸಂದೇಹಕ್ಕೆಡೆಯಿಲ್ಲ. ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು.

ಈ ಕಥನವು ಪೊಳಲಿಯ ಸಂಚಿಕೆಗೆ ಹೇಗೆ ಸಂಬಂಧಿಸುತ್ತದೆಂದು ಕೇಳುವವರಿಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಫಲ್ಗುಣೀ ತೀರದ ರಾಜರಾಜೇಶ್ವರಿಯ ಸನ್ನಿಧಿಯಲ್ಲಿ ಮೀನ ಸಂಕ್ರಮಣಕ್ಕೆ ಕೊಡಿಯೇರಿ, ಪುತ್ತಿಗೆಯ ಜೋಯಿಸರು ದಿನಗಳನ್ನು ನಿರ್ಣಯಿಸಿ, ಸುಮಾರು ಒಂದು ತಿಂಗಳು ನಡೆಯುವ ಜಾತ್ರೆಯಲ್ಲಿ, ಕಲ್ಲಂಗಡಿಯ ರಾಶಿಗಳ ನಡುವೆ ನಾವೆಲ್ಲರೂ ಬಾಲ್ಯದಿಂದ ಎದುರುನೋಡುತ್ತ ಬಂದುದು ಚೆಂಡು. ತುಳುವಿನಲ್ಲಿ ‘ಪುರಲ್ದ ಚೆಂಡು’ ಎಂದು ಘಟ್ಟದ ಕೆಳಗೆಲ್ಲ ಹೆಸರಾದುದು. ಐದು ದಿನಗಳ ಕಾಲ ನೂರಾರು ಮಂದಿ ಗದ್ದೆಯಲ್ಲಿ ಅದಕ್ಕಾಗಿ ಹೋರಾಡುತ್ತಾರೆ. ಆ ಚರ್ಮದ ಚೆಂಡನ್ನು ಹೊಲಿದುಕೊಡುವ ಹಕ್ಕು ಮೂಡುಬಿದಿರೆಯ ಚರ್ಮಕಾರ ಮನೆತನದ್ದು. ಅದನ್ನು ಗೋಪುರದಲ್ಲಿ ತಂದಿರಿಸುವ ಹಕ್ಕು ಮಿಜಾರಿನ ಎಣ್ಣೆ ವ್ಯಾಪಾರದ ಮನೆತನದ್ದು. ಸೀಮೆಯ ಕಟ್ಟುಕಟ್ಟಳೆಯು ಈ ಎರಡು ಮನೆತನಗಳಿಗೂ ಸ್ಥಾನವನ್ನು ಕೊಟ್ಟಿರುವುದು ಶ್ಲಾಘ್ಯ. ಆದರೆ ನಮ್ಮ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ದೇವಸ್ಥಾನಗಳ ಬಾಗಿಲುಗಳು ಸಕಲ ಹಿಂದೂಗಳಿಗೂ ಕಾನೂನಿನ ಬಲದಿಂದ ತೆರೆದುದು 1947ರಲ್ಲಿ ಎಂಬುದನ್ನು ಇದರೊಡನೆಯೇ ಬರೆಯದಿದ್ದರೆ ಲೇಖನವು ಅಪೂರ್ಣವಾದೀತು. ವಿಠ್ಠಲನು ಮುಂಬಯಿಯಲ್ಲಿ ತಂಡವನ್ನು ನಡೆಸಿ 24 ವರ್ಷಗಳಾದ ಮೇಲೆ.

ಗುತ್ತಿನ ಮನೆಗಳ ಯಜಮಾನರ ಹೆಸರುಗಳು, ಜೀರ್ಣೋದ್ಧಾರದ ದಾನಿಗಳ ಹೆಸರುಗಳು ಕಲ್ಲಿನ ಮೇಲೂ ಕಾಗದದ ಮೇಲೂ ಉಳಿದುಕೊಳ್ಳುತ್ತವೆ. ಮೂಡುಬಿದಿರೆಯಲ್ಲಿ ಚೆಂಡನ್ನು ಹೊಲಿದವರ ಹೆಸರುಗಳನ್ನು, ಯಾವ ತೊಗಲನ್ನು ಹೇಗೆ ಹದಮಾಡಿ ಯಾವ ದಾರದಿಂದ ಹೊಲಿಯುತ್ತಿದ್ದರೆಂಬ ವಿವರವನ್ನು, ತಂದೆಯಿಂದ ಮಗನಿಗೆ ಆ ವಿದ್ಯೆ ಬಂದ ಬಗೆಯನ್ನು, ಪ್ರತಿಯಾಗಿ ಅವರಿಗೆ ಸೀಮೆಯಿಂದ ಏನು ಸಲ್ಲುತ್ತಿತ್ತೆಂಬುದನ್ನು, ಆ ಮನೆಯ ಹಿರಿಯರು ಹೇಳುವಂತೆಯೇ ಕೇಳಿ ಬರೆದು ಒಂದು ಪುಸ್ತಕದಲ್ಲಿ ಸೇರಿಸಿ, ವರ್ಷ ವರ್ಷವೂ ಆ ಸಾಲಿನ ಚೆಂಡನ್ನು ಹೊಲಿದವರ ಹೆಸರನ್ನು ಅದರ ಕೆಳಗೆ ಕೂಡಿಸುತ್ತ ಬರುವ ಏರ್ಪಾಡನ್ನು ಈ ಸಂಚಿಕೆಯನ್ನು ಹೊರತರುತ್ತಿರುವ ಮಹನೀಯರು ಮುಂದಿನ ಕೊಡಿಯೊಳಗೆ ಮಾಡಬೇಕೆಂದು ನನ್ನ ಬಿನ್ನಹ. ಅವರ ಮನೆಯಂಗಳಕ್ಕೆ ನಾವೇ ಹೋಗಿ ಕುಳಿತು, ಅವರು ಕೊಟ್ಟ ನೀರು ಬೆಲ್ಲವನ್ನು ಸ್ವೀಕರಿಸಿ ಈ ಕೆಲಸವನ್ನು ಮಾಡಬೇಕು; ಬರೆಯುವ ಶ್ರಮವನ್ನು ವಹಿಸಿಕೊಳ್ಳಲು ನಾನು ಸಿದ್ಧನಿದ್ದೇನೆ.